ಕಲಮು ಹತ್ತು, ಒಂಟೆ ಹತ್ತು

ಮದುವೆಗೆ ಮೊದಲು ನನ್ನ ಗಂಡ ನನಗೆ ಬರೆದದ್ದು ಒಂದೇ ಒಂದು ಪತ್ರ. ನಾವೆಲ್ಲ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂಬ ಎರಡು ಸಾಲು ಮುಗಿದ ಕೂಡಲೇ ‘ಕ್ರೈಸ್ತರ ಮದುವೆ ಕಾಯದೆಯ ಕಲಮು ಹತ್ತರ ಪ್ರಕಾರ’ ಎಂದು ಶುರುವಾಗುತ್ತದೆ. ಪ್ರೀತಿಯ ಮಾತು ಹೋಗಲಿ, ನನ್ನ ಹೆಸರು ಕೂಡ ಲಕೋಟೆಯ ಮೇಲೆ ಮಾತ್ರ ಇತ್ತು. ಇಪ್ಪತ್ತಾರು ವರ್ಷ ಕಾದ ಹೆಣ್ಣಿಗೆ ಬಂದ ಮೊದಲ ಪತ್ರ ಅದು. ಓದಿ ಮುಗಿಸಿ ಗೋಡೆಗೆ ಎಸೆದೆ. ಆಮೇಲೆ ಎದ್ದು ಹೋಗಿ ಎತ್ತಿಕೊಂಡು ಬಂದು ಮತ್ತೆ ಓದಿದೆ.

ಅವರದು ಇಂಡಿ. ಅಲ್ಲಿನ ಕೋರ್ಟಿನಲ್ಲಿ ಕಾರಕೂನರಾಗಿದ್ದರು. ನಾನು ಮುದ್ದೇಬಿಹಾಳದ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ರಾಜ್ಯ ಬದಲಾದರೂ ನಮ್ಮ ಮದುವೆಯ ಕಾಯದೆ ಬ್ರಿಟಿಷರು ಬರೆದಿಟ್ಟು ಹೋದದ್ದೇ. ಕ್ರೈಸ್ತರ ಮದುವೆ ಬೆಳಿಗ್ಗೆ ಆರರಿಂದ ಸಂಜೆ ಏಳರ ಒಳಗೇ ಆಗಬೇಕು ಎನ್ನುತ್ತದೆ ಅದರ ಹತ್ತನೆಯ ಕಲಮು. ಏಳು ಹೊಡೆದ ಮೇಲೆ ಮಾಡಿಸಿದರೆ ಮಾಡಿಸಿದ ಪಾದ್ರಿಗೆ ಜೈಲು. ಗಂಡು ಹೆಣ್ಣು ಒಬ್ಬರಿಗೊಬ್ಬರು ಯಾವ ಮಾತು ಹೇಳಿದರೆ ಮದುವೆ ಆದಂತೆಯೋ ಆ ಮಾತನ್ನೂ ಪತ್ರದಲ್ಲಿ ಕೆಂಪು ಶಾಯಿಯಲ್ಲಿ ಇಳಿಸಿದ್ದರು. ಕೊನೆಗೆ ಒಂದು ಸಾಲು: ‘ಪ್ರವಚನದ ವಿಷಯವಾಗಿ ಕಾಯದೆಯಲ್ಲಿ ಏನೂ ಹೇಳಿರುವುದಿಲ್ಲ. ನನ್ನದು ಕೋರ್ಟಿನ ನೌಕರಿಯಾದ್ದರಿಂದ ಏಳರ ನಂತರ ನಾನು ಮದುವೆಗೆ ನಿಲ್ಲಲಾರೆ. ತಿಳಿಯಬೇಕು.’

ತಿಳಿಯಿತು. ಯಾಕೆ ಬರೆದರು ಎಂಬುದೂ ತಿಳಿಯಿತು. ನಮ್ಮ ಅಯ್ಯನವರ ಪ್ರವಚನ ನಾಲ್ಕು ತಾಲೂಕಿಗೆ ಹೆಸರುವಾಸಿ.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ನಾಲ್ಕಕ್ಕೂ ಸೇರಿ ನಮಗೆ ಒಬ್ಬರೇ ಅಯ್ಯನವರು. ಊರ ಮಂದಿ ಅವರನ್ನು ಪಾದ್ರಿ ಸಾಹೇಬರು ಅನ್ನುತ್ತಿದ್ದರು. ತಿಂಗಳಿಗೊಮ್ಮೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಬರುವರು. ಪ್ರತಿ ಊರಲ್ಲಿ ನಾವು ಇದ್ದದ್ದೇ ಹತ್ತು ಹದಿನೈದು ಮನೆ. ತಿಂಗಳಿಗೊಂದು ದಿನ ಸಿಗುವ ಮಂದಿಗೆ ತಿಂಗಳ ಉಪದೇಶವನ್ನೆಲ್ಲ ಒಂದೇ ಸಲ ಉಣಿಸಿ ಹೋಗಬೇಕಲ್ಲ. ಒಲೆಯ ಮೇಲೆ ಬೇಳೆ ಇಟ್ಟು ಗುಡಿಗೆ, ಅಂದರೆ ನಮ್ಮ ಚರ್ಚಿಗೆ, ಬಂದ ಹೆಂಗಸರು ಬೇಳೆ ಸೀದು ಇದ್ದಿಲಾದ ಗಡಿಗೆ ಉಜ್ಜಲು ಮನೆಗೆ ಹೋಗುತ್ತಿದ್ದರು. ಒಳ್ಳೆಯವರು, ಬಹಳ ಒಳ್ಳೆಯವರು. ಕಾಲರಾ ಬಂದಾಗ ಯಾರೂ ಮುಟ್ಟದ ಹೆಣವನ್ನು ಹೊತ್ತವರು. ಆದರೆ ಬಾಯಿ ತೆರೆದರೆ ಮುಚ್ಚಲು ದೇವರೇ ಇಳಿದು ಬರಬೇಕಿತ್ತು.

ಪತ್ರವನ್ನು ಅಪ್ಪ ಅಯ್ಯನವರಿಗೆ ತೋರಿಸಿದ. ಅವರು ಕನ್ನಡಕ ಏರಿಸಿ ಓದಿ, ಮಡಚಿ ಕೊಟ್ಟರು.

“ನಾ ಇಷ್ಟು ಮದುವಿ ಮಾಡಸೇನಿ, ಒಬ್ಬಾಂವರ ನನಗ ಗಂಟಿ ತೋರಿಸಿಲ್ಲ,” ಅಂದರು.

“ಎಲ್ಲಾ ಮುಂಜಾನೆ ಆದುವ್ರಿ ಅಯ್ಯನವರ,” ಅಂದ ಅಪ್ಪ. “ಏಳರ ಮ್ಯಾಲೆ ಮಾಡಿಸಿದ್ರ ಜೇಲ್ ಅಂತ್ರಿ.”

“ಅಪೊಸ್ತಲರು ಜೇಲಿಗೆ ಹೋಗಿಲ್ಲೇನು?”

ಜೈಲು ಎಂದ ಕೂಡಲೇ ಅವರ ಮುಖ ಅರಳಿದ್ದನ್ನು ನಾನೇ ಕಂಡೆ. ಯೇಸುವಿನ ಶಿಷ್ಯರಾದ ಅಪೊಸ್ತಲರ ಸಾಲಿನಲ್ಲಿ ಕೊನೆಯ ಜಾಗ ಖಾಲಿ ಇದ್ದು, ಯಾರೋ ಇವರನ್ನು ಕರೆದ ಹಾಗಿತ್ತು. ನನಗೆ ಮೈ ಉರಿಯಿತು. ಅವರಿಗೆ ಸಂತರಾಗುವ ಆಸೆ, ನನಗೆ ಸಂಸಾರದ ಆಸೆ.

ಇಷ್ಟಾದರೂ ಹೆದರಬೇಕಾದ್ದಿರಲಿಲ್ಲ. ಮದುವೆ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಎಂದು ಗೊತ್ತಾಗಿತ್ತು. ಅಯ್ಯನವರು ಎಷ್ಟು ಜಗ್ಗಿದರೂ ಏಳಕ್ಕೆ ಮುಟ್ಟುವುದು ಕಷ್ಟ. ಆದರೆ ಮಂಗಳವಾರದ ಬೆನ್ನಿಗೇ ಬೂದಿ ಬುಧವಾರ ಇತ್ತು. ಅಲ್ಲಿಂದ ಈಸ್ಟರ್ ತನಕ ನಲವತ್ತು ದಿನ ಉಪವಾಸದ ಕಾಲ, ನಮ್ಮ ಸಭೆಯಲ್ಲಿ ಮದುವೆ ಇಲ್ಲ. ಸರ್ಕಾರ ಏಳರ ಮೇಲೆ ಬೇಡ ಅನ್ನುತ್ತದೆ, ಸಭೆ ನಾಳೆಯಿಂದ ಬೇಡ ಅನ್ನುತ್ತದೆ. ಅತ್ತ ದರಿ, ಇತ್ತ ಪುಲಿ, ನಡುವೆ ನನ್ನ ಮದುವೆ.

ಓಣಿಯ ಜೋಯಿಸರಿಗೆ ಈ ಸುದ್ದಿ ಹೇಗೋ ಮುಟ್ಟಿ ಅವರು ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಕ್ಕೋರ, ರಾಹುಕಾಲ ಇಲ್ಲ, ಮುಹೂರ್ತ ಇಲ್ಲ ಅಂತಿದ್ರಿ. ಈಗ ನನ್ನ ಕಡೆ ಒಂದ ಮಾತ ಕೇಳಿದ್ರ ಏನರ ದಾರಿ ತೋರಸ್ತಿದ್ದೆ,” ಅಂದರು.

ಇನ್ನೊಂದು ಮಾತು ಹೇಳಲೇಬೇಕು. ನನ್ನ ಅತ್ತೆಯಾಗುವವರಿಗೆ ನಾನು ಬೇಡವಾಗಿದ್ದೆ. ವಯಸ್ಸು ಹೆಚ್ಚು, ಬಣ್ಣ ಕಡಿಮೆ, ನಾಲಿಗೆ ಉದ್ದ. ಮೂರೂ ನಿಜ. ಹೊರ್ತಿ ಹಳ್ಳಿಯಲ್ಲಿ ಅವರ ತಮ್ಮನ ಮಗಳು ಹದಿನೆಂಟಕ್ಕೆ ಬಂದು ನಿಂತಿದ್ದಳು. ಮಗ ಒಮ್ಮೆ ಕೋರ್ಟಿನ ಕೆಲಸಕ್ಕೆ ನಮ್ಮ ಶಾಲೆಗೆ ಬಂದವನು ನನ್ನನ್ನು ನೋಡಿ, ಮನೆಗೆ ಹೋಗಿ, ಮದುವೆಯಾದರೆ ಆ ಅಕ್ಕೋರನ್ನೇ ಎಂದು ಕೂತಿದ್ದರಿಂದ ಒಪ್ಪಿದ್ದರು. ಆರು ತಿಂಗಳ ಹಿಂದೆ ಒಮ್ಮೆ ದಿನ ಗೊತ್ತಾಗಿ ಅಯ್ಯನವರಿಗೆ ಮಲೇರಿಯಾ ಬಂದು ಮದುವೆ ಮುಂದೆ ಹೋಗಿತ್ತು. ಆವಾಗಲೇ ಅತ್ತೆ ಅಪ್ಪನಿಗೆ ಹೇಳಿ ಕಳಿಸಿದ್ದರು: “ಬೀಗರ, ಇನ್ನೊಮ್ಮಿ ತಪ್ಪಿದ್ರ ದೇವರ ಚಿತ್ತ ಇಲ್ಲ ಅಂತ ತಿಳಿತೇನಿ. ಮೂರನೇ ಸಲ ಕೇಳಬ್ಯಾಡ್ರಿ.” ಅವರ ದೇವರ ಚಿತ್ತ ಹೊರ್ತಿಯಲ್ಲಿತ್ತು. ನನಗೋ, ಮೂರು ಸಲ ನೋಡಿದ, ಎರಡು ಸಲ ಮಾತಾಡಿದ ಆ ಕಾರಕೂನರೇ ಬೇಕಾಗಿತ್ತು. ಯಾಕೆ ಎಂದು ಕೇಳಿದರೆ ಈಗಲೂ ಹೇಳಲು ಬರುವುದಿಲ್ಲ. ಅವರು ನಾನು ಮಾತಾಡುವಾಗ ನಡುವೆ ಬಾಯಿ ಹಾಕುತ್ತಿರಲಿಲ್ಲ. ಅದೇ ಇರಬೇಕು.

ಮಂಗಳವಾರ ಬಂತು. ಮೂರಾಯಿತು, ನಾಲ್ಕಾಯಿತು, ದಿಬ್ಬಣ ಇಲ್ಲ. ಇಂಡಿಯಿಂದ ಸಿಂದಗಿಯ ಮೇಲೆ ಹೊರಟ ಬಸ್ಸು ಹೂವಿನ ಹಿಪ್ಪರಗಿಯ ಹತ್ತಿರ ಕೆಟ್ಟು ನಿಂತಿತ್ತು. ನಮಗೆ ಗೊತ್ತಾಗುವ ದಾರಿ ಯಾವುದು? ನಾನು ಬಿಳಿ ಸೀರೆ ಉಟ್ಟು, ತಲೆಗೆ ಮುಸುಕು ಹಾಕಿ, ಬಾಗಿಲಿಗೂ ಕಿಟಕಿಗೂ ನಡೆದಾಡಿ ನೆಲದ ಕೆಮ್ಮಣ್ಣಿಗೆ ಸೀರೆಯ ಅಂಚು ಕೆಂಪು ಮಾಡಿಕೊಂಡೆ. ಐದೂವರೆಗೆ ಹತ್ತಿ ಹೇರಿದ ಲಾರಿಯೊಂದು ಬಂದು ಗುಡಿಯ ಮುಂದೆ ನಿಂತಿತು. ಹತ್ತಿಯ ಮೇಲಿಂದ ಬೀಗರು ಒಬ್ಬೊಬ್ಬರಾಗಿ ಇಳಿದರು. ಮದುಮಗನ ಕರೀ ಕೋಟು ಪೂರ್ತಿ ಬೆಳ್ಳಗಾಗಿತ್ತು. ಅತ್ತೆಯ ತಲೆಯಲ್ಲಿ, ಹುಬ್ಬಿನಲ್ಲಿ ಎಲ್ಲ ಹತ್ತಿ. ಅವರು ಇಳಿದವರೇ ಅಪ್ಪನ ಮುಂದೆ ನಿಂತು, “ಎರಡನೇ ಸಲ, ಬೀಗರ,” ಅಂದರು. ಅಷ್ಟೇ ಅಂದರು.

ಮುಖ ತೊಳೆದು, ಕೋಟು ಝಾಡಿಸಿ, ಎಲ್ಲರೂ ಗುಡಿಯೊಳಗೆ ಕೂಡುವ ಹೊತ್ತಿಗೆ ಆರು ಹೊಡೆಯಿತು. ನಮ್ಮ ಗುಡಿ ಒಂದೇ ಕೋಣೆಯ, ಮಣ್ಣಿನ ಚಪ್ಪಟೆ ಮಾಳಿಗೆಯ ಮನೆ. ತಾಲೂಕು ಕಚೇರಿ ಹಿಂದಿನ ಓಣಿಯಲ್ಲೇ ಇತ್ತು. ಅಲ್ಲಿನ ಪಹರೆಯವನು ತಾಸಿಗೊಮ್ಮೆ ಹಿತ್ತಾಳೆಯ ತಟ್ಟೆಗೆ ಹೊಡೆಯುವ ಸದ್ದು ನಮ್ಮ ಪ್ರಾರ್ಥನೆಯ ನಡುವೆ ಯಾವಾಗಲೂ ಬರುತ್ತಿತ್ತು. ಊರಿಗೆಲ್ಲ ಅದೇ ವೇಳೆ. ಕೋರ್ಟಿಗೂ ಅದೇ.

ಅಪ್ಪ ಅಯ್ಯನವರ ಕೈ ಹಿಡಿದು ಬೇಡಿಕೊಂಡ. “ಮೊದಲ ಮಾತ ಹೇಳಸ್ರಿ, ಪ್ರವಚನ ಆಮ್ಯಾಲೆ ಬೇಕಾದಷ್ಟು ಮಾಡ್ರಿ.”

“ವಾಕ್ಯ ಮೊದಲ, ಮದುವಿ ಆಮ್ಯಾಲೆ,” ಅಂದರು ಅಯ್ಯನವರು. “ಸರಕಾರ ನನಗ ಪರವಾನಿಗಿ ಕೊಟ್ಟೈತಿ, ಖರೆ. ದೇವರ ಮಾತಿನ ಕೊರಳಿಗೆ ಗಂಟಿ ಕಟ್ಟಾಕ ಕೊಟ್ಟಿಲ್ಲ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಮ್ಮ ಊರಲ್ಲಿ ಅನ್ನುವುದು ನಮ್ಮ ಗುಡಿಗೂ ಸಲ್ಲುತ್ತದೆ ಎಂದು ಆವತ್ತು ಗೊತ್ತಾಯಿತು.

ಅವರು ಆರಿಸಿಕೊಂಡದ್ದು ಬೈಬಲಿನ ಹಳೆಯ ಒಡಂಬಡಿಕೆಯ ಹೆಣ್ಣು ನೋಡುವ ಕಥೆ. ಮುದುಕ ಯಜಮಾನ ತನ್ನ ಮಗನಿಗೆ ಹೆಣ್ಣು ತರಲು ಆಳನ್ನು ದೂರದ ನಾಡಿಗೆ ಕಳಿಸುತ್ತಾನೆ, ಜೊತೆಗೆ ಹತ್ತು ಒಂಟೆ. ಬಾವಿಯ ಹತ್ತಿರ ಬಂದ ಹುಡುಗಿ ಆಳಿಗೂ ನೀರು ಕೊಟ್ಟು ಒಂಟೆಗಳಿಗೂ ಸೇದಿ ಹಾಕುತ್ತಾಳೆ. ಚೆಂದದ ಕಥೆಯೇ. ಆದರೆ ಒಂಟೆ ಹತ್ತು ಎಂಬುದೇ ನನಗೆ ಮುಳುವಾಯಿತು. ಅಯ್ಯನವರಿಗೆ ಪ್ರತಿ ಒಂಟೆಯಲ್ಲೂ ಒಂದು ಸದ್ಗುಣ ಕಂಡಿತು. ಮೊದಲನೆಯ ಒಂಟೆ ತಾಳ್ಮೆ. ಎರಡನೆಯದು ವಿಧೇಯತೆ. ಮೂರನೆಯದಕ್ಕೆ, ಮೌನಕ್ಕೆ, ಅವರು ನನ್ನ ಕಡೆ ನೋಡಿ ಹತ್ತು ನಿಮಿಷ ನಿಂತರು.

ಬಾಗಿಲ ಹತ್ತಿರ ಚಾಚಾ ಕೂತಿದ್ದರು. ನಮ್ಮ ಪಕ್ಕದ ಮನೆಯವರು, ಅಪ್ಪನ ದೋಸ್ತ, ಬಟ್ಟೆ ವ್ಯಾಪಾರಿ. ಓಣಿಯಲ್ಲಿ ಜೇಬಿನ ಗಡಿಯಾರ ಇದ್ದದ್ದು ಅವರೊಬ್ಬರಲ್ಲೇ. ಪತ್ರದ ಸಂಗತಿ ಅವರಿಗೂ ಗೊತ್ತಿತ್ತು. ದಿನಾ ಕಚೇರಿಯ ತಾಸಿಗೆ ಮುಳ್ಳು ಹೊಂದಿಸುವವರು, ಅದು ಒಂದು ನಿಮಿಷ ಮುಂದಾದರೂ ಪಹರೆಯವನೊಡನೆ ಜಗಳ ತೆಗೆಯುವವರು. ಅವರು ಗಡಿಯಾರವನ್ನು ಅಂಗೈಯಲ್ಲಿ ಇಟ್ಟುಕೊಂಡು, ನಾನು ಹೊರಳಿ ನೋಡಿದಾಗಲೆಲ್ಲ ಎಷ್ಟು ನಿಮಿಷ ಉಳಿದಿದೆ ಎಂದು ಬೆರಳಲ್ಲಿ ತೋರಿಸುತ್ತಿದ್ದರು. ಎರಡು ಕೈ ಎರಡು ಸಲ ಎತ್ತಿದರೆ ಇಪ್ಪತ್ತು. ಐದನೆಯ ಒಂಟೆ ಆಗ ನೀರು ಕುಡಿಯುತ್ತಿತ್ತು. ನಾನು ಲೆಕ್ಕ ಹೇಳಿಕೊಡುವ ಅಕ್ಕೋರು. ಐದು ಒಂಟೆಗೆ ನಲವತ್ತು ನಿಮಿಷವಾದರೆ ಹತ್ತು ಒಂಟೆಗೆ ಎಷ್ಟು ಎಂದು ಹೇಳಲು ಹಲಗೆ ಬೇಡ.

ಮದುಮಗನ ಕಡೆ ನೋಡಿದೆ. ಅವರು ಬೆವರುತ್ತ ನೆಲ ನೋಡುತ್ತಿದ್ದರು. ಹಿಂದೆ ಕೂತ ಅವರ ಅವ್ವ ಬಹಳ ಭಕ್ತಿಯಿಂದ ಪ್ರವಚನ ಕೇಳುತ್ತಿದ್ದರು. ಅಷ್ಟು ಭಕ್ತಿಯಿಂದ ಕೇಳಿದವರನ್ನು ನಾನು ನಮ್ಮ ಗುಡಿಯಲ್ಲಿ ಕಂಡಿರಲಿಲ್ಲ.

ಚಾಚಾ ಎರಡು ಕೈ ಎತ್ತಿ ಒಂದು ಬೆರಳು ಮಡಚಿದರು. ಒಂಬತ್ತು. ಏಳನೆಯ ಒಂಟೆ ಬಾವಿಯ ಹತ್ತಿರ ಬಂತು.

ನಾನು ಎದ್ದು ನಿಂತೆ.

“ಅಯ್ಯನವರ, ಸಿಟ್ಟಾಗಬ್ಯಾಡ್ರಿ. ಉಳಿದ ಒಂಟಿ ಸ್ವಲ್ಪ ತಡೀಲ್ರಿ,” ಅಂದೆ. ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ನಾನು ಮದುಮಗನ ಕಡೆ ತಿರುಗಿ, ಕೆಂಪು ಶಾಯಿಯಲ್ಲಿ ಓದಿ ಬಾಯಿಪಾಠ ಮಾಡಿದ್ದನ್ನು ಹೇಳಿದೆ. ದೇವರ ಮುಂದೆ, ಯೇಸುವಿನ ಹೆಸರಿನಲ್ಲಿ, ಇಲ್ಲಿ ಕೂಡಿದವರ ಸಾಕ್ಷಿಯಾಗಿ, ನಿಮ್ಮನ್ನು ನನ್ನ ಗಂಡನಾಗಿ ತೆಗೆದುಕೊಂಡಿದ್ದೇನೆ ಎಂದು. ಮಗ್ಗಿ ಹೇಳಿಸುವ ದನಿಯಲ್ಲೇ ಹೇಳಿದೆ, ಬೇರೆ ದನಿ ನನಗೆ ಬರುತ್ತಿರಲಿಲ್ಲ.

“ಕೂಡು,” ಅಂದರು ಅಯ್ಯನವರು. “ಹೆಣ್ಣಮಕ್ಕಳು ಸಭಾದಾಗ ಬಾಯಿ ತಗೀಬಾರದು. ಅದೂ ಗಂಡಿಗಿಂತ ಮೊದಲ.”

ನಾನು ಕೂಡಲಿಲ್ಲ. ಮದುಮಗ ಏಳಲಿಲ್ಲ.

ಅವರು ನನ್ನನ್ನು ನೋಡುತ್ತಿದ್ದರು. ಅವರ ಅವ್ವ ಹಿಂದಿನಿಂದ ಕೋಟಿನ ಚುಂಗು ಹಿಡಿದು, “ಕೂಡಪಾ, ನಾಚಿಕಿಗೇಡು. ಇಂಥಾಕೀನ ಮನಿಗೆ ಒಯ್ತಿಯೇನು,” ಎಂದು ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದರು. ಚಾಚಾನ ಬೆರಳು ಎಂಟಾಯಿತು. ಏಳಾಯಿತು. ನಾನು ಹೆದರಿದೆ. ಸಿಡುಕಿಗೆ ಹೆಸರಾದವಳು, ಇನ್ಸ್‌ಪೆಕ್ಟರ ಮುಂದೆ ನಿಂತು ಜಗಳಾಡಿದವಳು, ಆ ಎರಡು ನಿಮಿಷ ಹೆದರಿದಷ್ಟು ಜನ್ಮದಲ್ಲಿ ಹೆದರಿಲ್ಲ. ಎಲ್ಲರೆದುರು ಒಬ್ಬ ಗಂಡಸನ್ನು ನನ್ನವನೆಂದು ಹೇಳಿ ಬಿಟ್ಟಿದ್ದೆ. ಅವನು ಕೂತೇ ಇದ್ದ.

ಐದು ಬೆರಳಿಗೆ ಅವರು ಎದ್ದರು. ಅವ್ವನ ಕೈಯಿಂದ ಕೋಟು ಮೆಲ್ಲಗೆ ಬಿಡಿಸಿಕೊಂಡು ಎದ್ದರು. ಕೋರ್ಟಿನಲ್ಲಿ ಕಾಗದ ಓದುವ ದನಿಯಲ್ಲಿ, ಒಂದು ಅಕ್ಷರ ಬಿಡದೆ, ನನ್ನ ಹೆಸರು, ಅಪ್ಪನ ಹೆಸರು, ಊರು, ತಾಲೂಕು ಎಲ್ಲ ಸೇರಿಸಿ ಹೇಳಿದರು. ತಾಲೂಕು ಹೇಳುವ ಅಗತ್ಯ ಕಾಯದೆಯಲ್ಲೂ ಇರಲಿಲ್ಲ. ಮಾತು ಮುಗಿದು ಒಂದಿಷ್ಟು ಹೊತ್ತಿಗೆ ಹಿಂದಿನ ಓಣಿಯಲ್ಲಿ ಏಳು ಹೊಡೆಯಿತು. ಒಂದೊಂದು ಹೊಡೆತವನ್ನೂ ನಾವೆಲ್ಲ ಎಣಿಸಿದೆವು.

“ಆತ್ರಿ, ಏಳರೊಳಗ ಆತು. ನಾನೂ ಒಬ್ಬ ಸಾಕ್ಷಿ,” ಅಂದರು ಚಾಚಾ, ಗಡಿಯಾರ ಮುಚ್ಚುತ್ತ.

ಅಯ್ಯನವರು ನಮ್ಮಿಬ್ಬರನ್ನು ನೋಡಿದರು. ಈಗ ಶಾಪ ಹಾಕುತ್ತಾರೆ ಎಂದುಕೊಂಡೆ. “ಕೂಡ್ರಿ,” ಅಂದರು. “ಇನ್ನೂ ನಾಕು ಒಂಟಿ ಉಳದಾವು.” ನಾಲ್ಕಕ್ಕೂ ನೀರು ಕುಡಿಸಿದರು, ಒಂದು ಹನಿಯೂ ಕಡಿಮೆಯಾಗದಂತೆ. ಆಮೇಲೆ ಉಂಗುರ, ಪ್ರಾರ್ಥನೆ, ಆಶೀರ್ವಾದ. ಸರ್ಕಾರದ ಲೆಕ್ಕದಲ್ಲಿ ನಾನು ಏಳರೊಳಗೆ ಮುತ್ತೈದೆ, ಅಯ್ಯನವರ ಲೆಕ್ಕದಲ್ಲಿ ಎಂಟರ ಸುಮಾರಿಗೆ. ನಡುವಿನ ಒಂದು ತಾಸು ನಾನು ಏನಾಗಿದ್ದೆ ಎಂದು ಗಂಡನನ್ನು ಎಷ್ಟೋ ಸಲ ಕೇಳಿದ್ದೇನೆ. ಅದಕ್ಕೆ ಯಾವ ಕಲಮೂ ಇಲ್ಲ ಅನ್ನುತ್ತಿದ್ದರು.

ಸರ್ಟಿಫಿಕೇಟಿಗೆ ಅಯ್ಯನವರು ನೆಟ್ಟಗೆ ಸಹಿ ಹಾಕಿದರು. ಸುಳ್ಳು ಬರೆಯುವವರೂ ಅಲ್ಲ, ಸತ್ಯ ಬರೆಯಲು ಹಿಂಜರಿಯುವವರೂ ಅಲ್ಲ. ಶಾಯಿ ಆರಿದ ಮೇಲೆ ನನ್ನ ಕಡೆ ತಿರುಗಿ, “ಸಭಾದ ನಡುವ ವಾಕ್ಯ ತಡದಿ. ಈಸ್ಟರ್ ತನಕ ನಿನಗ ಪ್ರಭುಭೋಜನ ಇಲ್ಲ,” ಅಂದರು. ರೊಟ್ಟಿ, ದ್ರಾಕ್ಷಾರಸದ ಆ ಭೋಜನ ತಿಂಗಳಿಗೊಮ್ಮೆ ಅವರು ಬಂದಾಗ ಮಾತ್ರ. ಹೊರಗಿನವರಿಗೆ ಅದು ಒಂದು ತುಣುಕು ರೊಟ್ಟಿ. ನಮಗೆ ಅದರಿಂದ ಹೊರಗಿಟ್ಟರೆ ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಹೊಸ ಊರಲ್ಲಿ, ಹೊಸ ಮಂದಿಯ ನಡುವೆ, ಮದುವೆಯಾದ ಹೊಸದರಲ್ಲೇ. ಹೂಂ ಅಂದೆ. ಗಂಡ ಸರ್ಟಿಫಿಕೇಟು ಮಡಚಿ ಜೇಬಿಗೆ ಇಟ್ಟುಕೊಂಡರು. ಕಾಯದೆಯ ಪ್ರಕಾರ ಅವರ ಕೆಲಸ ಮುಗಿದಿತ್ತು ಎಂದುಕೊಂಡೆ.

ಇಂಡಿಯ ಶಾಲೆಗೆ ವರ್ಗ ಮಾಡಿಸಿಕೊಂಡು ಬಂದೆ. ಹಗಲು ಸಂಸಾರ ಚೆನ್ನಾಗಿಯೇ ಇತ್ತು. ಅತ್ತೆ ದಿನಕ್ಕೆ ಮೂರು ಸಲ ಹೊರ್ತಿಯ ಹುಡುಗಿಯ ರೊಟ್ಟಿ ಎಷ್ಟು ತೆಳ್ಳಗೆ ಎಂದು ಹೇಳಿದರೆ, ನಾನು ನನ್ನ ಪಗಾರ ಎಷ್ಟು ದಪ್ಪ ಎಂದು ಹೇಳುತ್ತಿದ್ದೆ. ಆದರೆ ರಾತ್ರಿಯಾದರೆ ಅವರು ಕೂತೇ ಇದ್ದ ಆ ಎರಡು ನಿಮಿಷ ನೆನಪಾಗುತ್ತಿತ್ತು. ಅವರು ಎದ್ದದ್ದು ನನಗಾಗಿಯೋ, ಗಡಿಯಾರಕ್ಕಾಗಿಯೋ? ಕೇಳಲು ನಾಲಿಗೆ ಏಳಲಿಲ್ಲ, ಅಷ್ಟು ಉದ್ದದ ನಾಲಿಗೆ.

ತಿಂಗಳು ತುಂಬಿ ಅಯ್ಯನವರು ಇಂಡಿಗೆ ಬಂದರು. ಗುಡಿಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂಡುವುದು ವಾಡಿಕೆ. ನಾನು ಹೆಂಗಸರ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತೆ. ಭೋಜನದ ಹಾಡು ಶುರುವಾಗುತ್ತಿದ್ದ ಹಾಗೆ ಗಂಡಸರ ಕಡೆಯಿಂದ ನನ್ನ ಗಂಡ ಎದ್ದರು. ಎಲ್ಲರೂ ನೋಡುತ್ತಿರುವಂತೆಯೇ ನಡುವಿನ ದಾರಿ ದಾಟಿ ಬಂದು ನನ್ನ ಪಕ್ಕದಲ್ಲಿ ಕೂತರು. ಹಾಡು ಅಲ್ಲಲ್ಲಿ ಹರಿದು ಹೋಯಿತು.

ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಅಲ್ಲಿಯ ತನಕ ಬಂದರು. ನನ್ನ ಗಂಡನ ಮುಂದೆ ಹಿಡಿದರು. ಅವರು ಕೈ ಚಾಚಲಿಲ್ಲ.

“ಯಾಕಪಾ, ನಿನಗ ಯಾರೂ ತಡದಿಲ್ಲ.”

“ಮದುವಿ ಆದಮ್ಯಾಲೆ ಇಬ್ಬರೂ ಒಂದ ದೇಹ ಅಂತ ನೀವ ಕಲಿಸಿದ್ರಿ. ಅರ್ಧಾ ದೇಹ ಹೊರಗ ನಿಲ್ಲಿಸಿ ಅರ್ಧಾ ದೇಹಕ್ಕ ಹೆಂಗ ಕೊಡ್ತೀರಿ?”

ಅಯ್ಯನವರು ತಟ್ಟೆಯನ್ನೂ ನಮ್ಮಿಬ್ಬರನ್ನೂ ನೋಡಿದರು. ಕೊಟ್ಟುಬಿಡುತ್ತಾರೆ ಎಂದುಕೊಂಡೆ. “ನೀ ಕಾರಕೂನ ಅಲ್ಲ, ವಕೀಲ ಆಗಬೇಕಾಗಿತ್ತು,” ಎಂದು ಮೆಲ್ಲಗೆ ಹೇಳಿ ಮುಂದಿನ ಬೆಂಚಿಗೆ ಹೋದರು. ಹಾಕಿದ ಮಾತನ್ನು ಹಿಂದೆ ತೆಗೆದುಕೊಳ್ಳುವವರಲ್ಲ ಅವರು. ಮುಂದಿನ ಬೆಂಚಿನಲ್ಲಿದ್ದ ಅತ್ತೆ ನಮ್ಮ ಕಡೆ ಒಮ್ಮೆ ತಿರುಗಿ ನೋಡಿ, ತಟ್ಟೆಯಿಂದ ತುಣುಕು ತೆಗೆದುಕೊಂಡು, “ಮನ್ಯಾಗ ಒಬ್ಬರರ ತಗೋಬೇಕಲ್ರಿ,” ಅಂದರು.

ಬಿಸಿಲಿನಲ್ಲಿ ಮನೆಗೆ ನಡೆದೆವು. ಅತ್ತೆ ಮುಂದೆ, ನಾವಿಬ್ಬರು ಹಿಂದೆ.

“ನಿಮಗ್ಯಾಕ ಬೇಕಾಗಿತ್ರಿ ಇದು? ಈಸ್ಟರ್ ತನಕ ನೀವೂ ಹೊರಗ ಆದ್ರಿ,” ಅಂದೆ.

ಅವ್ವ ಒಂದಿಷ್ಟು ಮುಂದೆ ಹೋಗಲಿ ಎಂದು ಅವರು ಹೆಜ್ಜೆ ಸಣ್ಣ ಮಾಡಿದರು.

“ಆವತ್ತ ನೀ ಎದ್ದ ನಿಂತಾಗ ನಾ ಕುಂತೇ ಇದ್ದೆ,” ಅಂದರು. “ಅವ್ವ ಕೋಟ ಹಿಡಿದಿದ್ಲು ಅಂತ ಅಲ್ಲ. ನನಗ ಧೈರ್ಯ ಆಗಲಿಲ್ಲ. ಅಷ್ಟೂ ಮಂದ್ಯಾಗ ನಿನ್ನ ಒಬ್ಬಾಕೀನ ನಿಲ್ಲಿಸಿದೆ.”

ದಾರಿಯಲ್ಲಿ ಮಂದಿ ಇದ್ದರು, ಮುಸುಕು ಮುಂದೆ ಎಳೆದುಕೊಂಡು ಮನೆಯ ತನಕ ಅಳುತ್ತ ನಡೆದೆ.